ಕುರು ಮತ್ತು ಕೀವಿನ ಬಾವು: ಮನೆಯಲ್ಲಿ ಏನು ಮಾಡಬೇಕು, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಕುರು ಎದ್ದರೆ ಕೈ ಸುಮ್ನೆ ಇರುವುದಿಲ್ಲ. ಮೊದಲು ಮುಟ್ಟಿ ನೋಡುತ್ತೇವೆ, ಆಮೇಲೆ ಒತ್ತಿ ನೋಡುತ್ತೇವೆ, ಕೊನೆಗೆ ಹಿಂಡಿಯೇ ಬಿಡುತ್ತೇವೆ. ಅದು ಆಗದಿದ್ದರೆ ಮನೆಯಲ್ಲಿ ಉಳಿದಿರುವ ಯಾವುದೋ ಆಂಟಿಬಯಾಟಿಕ್ ಮಾತ್ರೆ ನುಂಗುತ್ತೇವೆ. ಈ ಎರಡರಿಂದಲೂ ಕುರು ಕೆಡುವ ಸಂಭವವೇ ಜಾಸ್ತಿ.

ಕುರುವಿಗೆ ಬೇಕಾದದ್ದು ಒಳಗಿನ ಕೀವು ಹೊರಗೆ ಬರುವುದಕ್ಕೆ ಒಂದು ದಾರಿ. ಸಣ್ಣ ಕುರುವಾದರೆ ಆ ದಾರಿಯನ್ನು ಮೈಯೇ ಮಾಡಿಕೊಳ್ಳುತ್ತದೆ. ನಾವು ಶಾಖ ಕೊಟ್ಟು, ಸ್ವಚ್ಛವಾಗಿಟ್ಟು, ಕಾಯಬೇಕು. ದೊಡ್ಡ ಬಾವಾದರೆ ಡಾಕ್ಟರ್ ಕೊಯ್ದು ದಾರಿ ಮಾಡಬೇಕು. ನಮ್ಮದು ಯಾವ ಬಗೆಯದು ಎಂದು ತಿಳಿದುಕೊಳ್ಳುವುದರಲ್ಲೇ ಅರ್ಧ ಚಿಕಿತ್ಸೆ ಇದೆ. ಈ ಬರಹ ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ. ಆದರೆ ಯಾವಾಗ ಕಾಯಬಹುದು, ಯಾವಾಗ ಒಂದು ದಿನವೂ ಕಾಯಬಾರದು ಎಂಬುದನ್ನು ಇದರಿಂದ ತಿಳಿಯಬಹುದು.

## ಚರ್ಮದ ಒಳಗೆ ಏನಾಗುತ್ತದೆ

ಚರ್ಮದ ಪ್ರತಿಯೊಂದು ಕೂದಲೂ ಒಂದು ಸಣ್ಣ ಕುಳಿಯಿಂದ ಬೆಳೆಯುತ್ತದೆ. ಶೇವ್ ಮಾಡುವಾಗ ಆದ ಗೀರು, ಬಿಗಿ ಬಟ್ಟೆಯ ಉಜ್ಜಾಟ, ಬೆವರು, ಕೆರೆದುಕೊಂಡ ಉಗುರಿನ ಗಾಯ, ಇಂಥ ಕಾರಣಗಳಿಂದ ಅಲ್ಲಿ ಸಣ್ಣ ಬಿರುಕು ಬಿಟ್ಟರೆ ಸಾಕು, ಬ್ಯಾಕ್ಟೀರಿಯಾ ಒಳಗಿಳಿಯುತ್ತದೆ. ಹೆಚ್ಚಿನ ಸಲ ಅದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸುಮಾರು 10 ಜನರಲ್ಲಿ 3 ಮಂದಿಯ ಮೂಗಿನಲ್ಲಿ ಇದು ಯಾವ ತೊಂದರೆಯೂ ಕೊಡದೆ ಇರುತ್ತದೆ. ಹಾಗಾಗಿ ಕುರು ಎದ್ದವರನ್ನು ಕೊಳಕು ಎಂದು ನೋಡುವುದು ಸರಿಯಲ್ಲ. ದಿನಾ ಎರಡು ಸಲ ಸ್ನಾನ ಮಾಡುವವರಿಗೂ ಕುರು ಏಳುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಹೊತ್ತಿಗೆ ರೋಗಿಗಳ ಬಾವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಗೊಂಚಲು ಗೊಂಚಲಾಗಿ ಕೂಡಿಕೊಂಡ ದುಂಡನೆಯ ಜೀವಿಗಳು ಕಂಡವು. ಆ ಕೀವನ್ನು ಪ್ರಾಣಿಗಳಿಗೆ ಚುಚ್ಚಿದಾಗ ಅವುಗಳ ಮೈಯಲ್ಲೂ ಬಾವು ಎದ್ದಿತು. 1882ರಲ್ಲಿ ಅವರೇ ಆ ಜೀವಿಗಳಿಗೆ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟರು. ಒಬ್ಬರ ಕೀವು ಇನ್ನೊಬ್ಬರಿಗೆ ಕುರು ತರಬಲ್ಲದು ಎಂಬ ಮಾತಿನ ಬೇರು ಅಲ್ಲಿದೆ. ಟವೆಲ್, ರೇಜರ್ ಹಂಚಿಕೊಳ್ಳಬೇಡಿ ಎಂದು ಮುಂದೆ ಹೇಳುವುದು ಇದಕ್ಕೇ.

ಬ್ಯಾಕ್ಟೀರಿಯಾ ಬೆಳೆಯತೊಡಗಿದ ಕೂಡಲೇ ರಕ್ತದ ಬಿಳಿ ಕಣಗಳು ಅಲ್ಲಿಗೆ ನುಗ್ಗುತ್ತವೆ. ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು ಎಲ್ಲ ಆ ಹೋರಾಟದ ಗುರುತು. ಸತ್ತ ಬಿಳಿ ಕಣ, ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾ, ಕರಗಿದ ಮಾಂಸ ಸೇರಿ ಕೀವಾಗುತ್ತದೆ. ಸೋಂಕು ಹರಡದಿರಲಿ ಎಂದು ಮೈ ಅದರ ಸುತ್ತ ಕೋಟೆಯ ಹಾಗೆ ಗೋಡೆ ಕಟ್ಟುತ್ತದೆ. ಇದು ನಮಗೆ ಒಳ್ಳೆಯದು. ಆದರೆ ಆ ಗೋಡೆಯ ಒಳಗೆ ರಕ್ತನಾಳಗಳಿಲ್ಲ. ನುಂಗಿದ ಮಾತ್ರೆ ರಕ್ತದ ಮೂಲಕವೇ ಹೋಗಬೇಕು ಅಲ್ವಾ? ಹಾಗಾಗಿ ಔಷಧಿ ಕೀವಿನ ನಡುವಿಗೆ ಸರಿಯಾಗಿ ತಲುಪುವುದಿಲ್ಲ. ತಲುಪಿದ ಅಷ್ಟಿಷ್ಟೂ ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕೆಲವೊಮ್ಮೆ ಸರಿಯಾಗಿ ಕೆಲಸ ಮಾಡುವುದಿಲ್ಲ. ತುಂಬಿದ ಬಾವು ಬರೀ ಮಾತ್ರೆಗೆ ಇಳಿಯದಿರುವ ಕಾರಣ ಇದೇ.

## ಮೊದಲ ಹೆಜ್ಜೆ: ಇದು ಯಾವ ಬಗೆಯದು ನೋಡಿ

ಒಳ್ಳೆಯ ಬೆಳಕಿನಲ್ಲಿ, ಕೈ ತೊಳೆದುಕೊಂಡು ನೋಡಿ. ಒತ್ತುವುದು ಬೇಡ.

ಕೂದಲ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆ, ತುದಿಯಲ್ಲಿ ಚೂರು ಬಿಳಿ ಇದ್ದರೆ ಸೋಂಕು ಮೇಲ್ಮೈಯಲ್ಲೇ ಇದೆ. ಇದು ಫಾಲಿಕ್ಯುಲೈಟಿಸ್. ಸಾಬೂನು, ನೀರು, ಕೆಲವು ದಿನ ಶೇವ್ ಮಾಡದಿರುವುದು, ಇಷ್ಟರಲ್ಲೇ ಹೆಚ್ಚಿನವು ಹೋಗುತ್ತವೆ.

ಅದೇ ಸೋಂಕು ಕೂದಲ ಕುಳಿಯ ಆಳಕ್ಕೆ ಇಳಿದರೆ ಕುರು. ಮೊದಲು ಗಟ್ಟಿಯಾದ, ಮುಟ್ಟಿದರೆ ನೋಯುವ ಉಂಡೆ. ಕೆಲವು ದಿನಗಳಲ್ಲಿ ದೊಡ್ಡದಾಗಿ, ನಡುವೆ ಮೆತ್ತಗಾಗಿ, ಹಳದಿ ಅಥವಾ ಬಿಳಿ ಮೊನೆ ಕಾಣುತ್ತದೆ. ಕುರು ಹಣ್ಣಾಯಿತು ಎನ್ನುವುದು ಇದನ್ನೇ. ಕುತ್ತಿಗೆ, ಮುಖ, ಕಂಕುಳು, ತೊಡೆ, ಪೃಷ್ಠ ಇದರ ಮಾಮೂಲು ಜಾಗಗಳು. ಅಂಗೈ, ಅಂಗಾಲಿನಲ್ಲಿ ಕೂದಲಿಲ್ಲವಾದ್ದರಿಂದ ಅಲ್ಲಿ ಕುರು ಏಳುವುದಿಲ್ಲ. ಅಲ್ಲಿ ಕೀವು ತುಂಬಿದ್ದರೆ ಮುಳ್ಳೋ ಗಾಯವೋ ಕಾರಣವಾಗಿರಬಹುದು, ಮತ್ತು ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ಕೈಯಲ್ಲಿ ಕೀವು ಸ್ನಾಯುರಜ್ಜಿನ ಗುಂಟ ಬೇಗ ಹರಡುತ್ತದೆ.

ಅಕ್ಕಪಕ್ಕದ ಹಲವು ಕುರುಗಳು ಒಳಗೊಳಗೇ ಸೇರಿಕೊಂಡು ಒಂದೇ ದೊಡ್ಡ ಊತವಾಗಿ, ಅದರ ಮೇಲೆ ನಾಲ್ಕಾರು ಬಾಯಿ ಬಿಟ್ಟು ಕೀವು ಸೋರಿದರೆ ಅದು ಕಾರ್ಬಂಕಲ್. ಹೆಚ್ಚಾಗಿ ಕತ್ತಿನ ಹಿಂಭಾಗದಲ್ಲಿ, ಬೆನ್ನಿನಲ್ಲಿ ಬರುತ್ತದೆ. ಜೊತೆಗೆ ಜ್ವರ, ಸುಸ್ತು ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಇದಕ್ಕೆ ಮನೆಮದ್ದಿನ ಪ್ರಯತ್ನವೇ ಬೇಡ. ಸೀದಾ ಡಾಕ್ಟರ್ ಹತ್ತಿರ ಹೋಗಿ.

ಕೂದಲಿಗೆ ಸಂಬಂಧವಿಲ್ಲದೆ, ಗಾಯ ಅಥವಾ ಸೂಜಿ ಚುಚ್ಚಿದ ಜಾಗದಲ್ಲಿ ಚರ್ಮದ ಕೆಳಗೆ ಕೀವು ಕಟ್ಟಿಕೊಂಡರೆ ಅದು ಕೀವಿನ ಬಾವು. ಚರ್ಮ ಅಗಲವಾಗಿ ಕೆಂಪಾಗಿ, ಬಿಸಿಯಾಗಿ, ಒಳಗೆ ಕೀವಿನ ಗಂಟೇ ಇಲ್ಲದಿದ್ದರೆ ಅದು ಸೆಲ್ಯುಲೈಟಿಸ್ ಇರಬಹುದು. ಇವೆರಡರ ನಡುವಿನ ವ್ಯತ್ಯಾಸ ಮುಖ್ಯ. ಬಾವಿಗೆ ಕೀವು ತೆಗೆಯಬೇಕು, ಸೆಲ್ಯುಲೈಟಿಸ್‌ಗೆ ಆಂಟಿಬಯಾಟಿಕ್ ಬೇಕು. ಕೈಗೆ ಗೊತ್ತಾಗದಿದ್ದಾಗ ಡಾಕ್ಟರ್ ಅಲ್ಟ್ರಾಸೌಂಡ್ ಮಾಡಿ ನೋಡುತ್ತಾರೆ.

ಕುರುವಿನ ಹಾಗೆ ಕಂಡರೂ ಕುರುವಲ್ಲದವು ಕೆಲವು ಇವೆ. ಇವನ್ನು ಗುರುತಿಸದೆ ಹಿಂಡಿದರೆ, ಕೊಯ್ದರೆ ದೊಡ್ಡ ಅನಾಹುತವಾಗಬಹುದು. ತೊಡೆಸಂದಿನ ಉಬ್ಬು ಕೆಮ್ಮಿದಾಗ ದೊಡ್ಡದಾಗಿ, ಮಲಗಿದಾಗ ಇಳಿದರೆ ಅದು ಹರ್ನಿಯಾ ಇರಬಹುದು. ಒಳಗೆ ಕರುಳೇ ಇರಬಹುದು. ಮುಟ್ಟಿದಾಗ ನಾಡಿಯ ಬಡಿತ ಕೈಗೆ ಸಿಗುವ ಗಂಟು ರಕ್ತನಾಳದ್ದಾಗಿರಬಹುದು. ಕುತ್ತಿಗೆಯಲ್ಲಿ ವಾರಗಟ್ಟಲೆ ನಿಧಾನವಾಗಿ ಬೆಳೆದ, ಹೆಚ್ಚು ನೋವಿಲ್ಲದ, ಬಿಸಿಯಿಲ್ಲದ ಬಾವು ಟಿಬಿಯಿಂದ ಬಂದಿರಬಹುದು. ವರ್ಷಗಳಿಂದ ಚರ್ಮದ ಕೆಳಗೆ ಸುಮ್ನೆ ಇದ್ದ, ನಡುವೆ ಕಪ್ಪು ಚುಕ್ಕೆಯ ಗಂಟು ಈಗ ಇದ್ದಕ್ಕಿದ್ದಂತೆ ಕೆಂಪಾದರೆ ಅದು ಸಿಸ್ಟ್. ಕೀವು ತೆಗೆದರೂ ಅದರ ಚೀಲ ಒಳಗೇ ಉಳಿಯುತ್ತದೆ. ಉರಿಯೆಲ್ಲ ಇಳಿದ ಮೇಲೆ ಚೀಲ ಸಮೇತ ತೆಗೆಸದಿದ್ದರೆ ಮತ್ತೆ ಬರಬಹುದು. ಬೆನ್ನುಮೂಳೆಯ ತುದಿಯಲ್ಲಿ, ಪೃಷ್ಠದ ಸೀಳಿನ ಮೇಲ್ಭಾಗದಲ್ಲಿ ಮತ್ತೆ ಮತ್ತೆ ಕೀವಾದರೆ ಪೈಲೊನೈಡಲ್ ಸೈನಸ್, ಅಂದರೆ ಚರ್ಮದ ಕೆಳಗೆ ಕೂದಲು ಸಿಕ್ಕಿಕೊಂಡ ಸಣ್ಣ ಸುರಂಗ, ಇರಬಹುದು. ಉಗುರಿನ ಅಂಚಿನಲ್ಲಿ ಕೀವಾದರೆ ಉಗುರುಸುತ್ತು. ಆರಂಭದಲ್ಲಿ ಬಿಸಿನೀರಿನಲ್ಲಿ ಬೆರಳು ಅದ್ದಿಡುವುದರಿಂದ ಗುಣ ಕಾಣಬಹುದು, ಕೀವು ನಿಂತರೆ ಡಾಕ್ಟರ್ ಬಿಡಿಸಬೇಕು.

## ಎರಡನೆಯ ಹೆಜ್ಜೆ: ಅಪಾಯದ ಗುರುತು ಇದೆಯೇ?

ಶಾಖಕ್ಕೆ ನೀರು ಕಾಯಿಸುವ ಮೊದಲು ಇದನ್ನು ನೋಡಿಬಿಡಿ. ಈ ಕೆಳಗಿನ ಯಾವುದಿದ್ದರೂ ಮನೆಯಲ್ಲಿ ಕಾಯಬಾರದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು:

- 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಚಳಿ ನಡುಕ
- ಸುತ್ತಲಿನ ಕೆಂಪು ಹರಡುತ್ತಿರುವುದು, ಅಥವಾ ಕುರುವಿನಿಂದ ಕೆಂಪು ಗೆರೆ ಹೊರಟಿರುವುದು
- ಮೂಗು, ಮೇಲ್ದುಟಿ, ಕಣ್ಣಿನ ಸುತ್ತ ಎದ್ದ ಕುರು
- ಗುದದ್ವಾರದ ಹತ್ತಿರ, ಜನನಾಂಗದಲ್ಲಿ, ಬೆನ್ನುಮೂಳೆಯ ಮೇಲೆ, ಸ್ತನದಲ್ಲಿ, ಅಂಗೈಯಲ್ಲಿ ಬಾವು
- 5 ಸೆಂಟಿಮೀಟರಿಗಿಂತ ದೊಡ್ಡದು, ಅಥವಾ ಒಂದೇ ಸಲ ಹಲವು
- ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಸ್ಟಿರಾಯ್ಡ್ ಮಾತ್ರೆ, ಎಚ್‌ಐವಿ, ಕೃತಕ ಹೃದಯ ಕವಾಟ ಇರುವವರು
- ಹಸುಗೂಸುಗಳು, ಗರ್ಭಿಣಿಯರು, ತುಂಬಾ ವಯಸ್ಸಾದವರು

ಇನ್ನೂ ಕೆಲವು ಗುರುತುಗಳಿಗೆ ನೇರ ತುರ್ತು ಚಿಕಿತ್ಸೆಗೇ ಹೋಗಬೇಕು. ಕಣ್ಣಿಗೆ ಕಾಣುವ ಊತ ಚಿಕ್ಕದು, ಆದರೆ ನೋವು ತಡೆಯಲಾರದಷ್ಟಿದೆ. ಚರ್ಮ ನೇರಳೆ ಅಥವಾ ಕಪ್ಪಾಗುತ್ತಿದೆ, ನೀರುಗುಳ್ಳೆ ಏಳುತ್ತಿವೆ, ಒತ್ತಿದರೆ ಚರ್ಮದ ಕೆಳಗೆ ಚರಚರ ಎನ್ನುತ್ತದೆ. ಇವು ಮಾಂಸವನ್ನೇ ಕೊಳೆಸುವ ಸೋಂಕಿನ ಲಕ್ಷಣಗಳು. ಅಲ್ಲಿ ಗಂಟೆಗಳ ಲೆಕ್ಕ. ಹಾಗೆಯೇ ಉಸಿರಾಟ ವೇಗವಾಗುವುದು, ಎದೆ ಬಡಿತ ಜೋರಾಗುವುದು, ಮಾತು ತಡವರಿಸುವುದು, ಗೊಂದಲ, ಮೂತ್ರ ಕಡಿಮೆಯಾಗುವುದು ಕಂಡರೆ ಸೋಂಕು ರಕ್ತಕ್ಕೆ ಸೇರಿ ಸೆಪ್ಸಿಸ್ ಆಗಿರಬಹುದು.

ಮುಖದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂಗಿನ ಮೇಲ್ಭಾಗದಿಂದ ಬಾಯಿಯ ಎರಡು ಕೊನೆಗಳವರೆಗೆ ಒಂದು ತ್ರಿಕೋನ ಎಂದು ಊಹಿಸಿಕೊಳ್ಳಿ. ಅಲ್ಲಿನ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿರುವ ದೊಡ್ಡ ರಕ್ತನಾಳದ ಜೊತೆ ಸಂಪರ್ಕವಿದೆ. ಆ ಜಾಗದ ಕುರುವನ್ನು ಹಿಂಡಿದರೆ ಸೋಂಕು ಅಲ್ಲಿಗೆ ತಲುಪಿ ರಕ್ತ ಹೆಪ್ಪುಗಟ್ಟಬಹುದು. ಇದು ಅಪರೂಪ, ಆದರೆ ಆದಾಗ ಜೀವಕ್ಕೇ ಅಪಾಯ. ಮುಖದ ಕುರುವಿನ ಜೊತೆ ಕಣ್ಣು ಊದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಜೋರು ತಲೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕುರು ಎದ್ದ ಕಾಲಿನ ತೊಡೆಸಂದಿನಲ್ಲಿ, ಕೈಯಾದರೆ ಕಂಕುಳಲ್ಲಿ ಗಡ್ಡೆ ಕಟ್ಟುವುದುಂಟು. ಇದಕ್ಕೆ ಹೆದರಬೇಕಿಲ್ಲ. ಕುರು ಮಾಗಿದ ಹಾಗೆ ಅದೂ ಇಳಿಯುತ್ತದೆ. ಆದರೆ ಜ್ವರವೂ ಸೇರಿದ್ದರೆ ತೋರಿಸಿ.

## ಮೂರನೆಯ ಹೆಜ್ಜೆ: ಸಣ್ಣ ಕುರುವಿಗೆ ಮನೆಯ ಆರೈಕೆ

ಮೇಲಿನ ಯಾವ ಗುರುತೂ ಇಲ್ಲ, ಕುರು ಒಂದೇ, ಚಿಕ್ಕದು ಎಂದಾದರೆ ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ಕೈ ತೊಳೆಯಿರಿ. ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡ್. ಬಿಸಿನೀರಿನಲ್ಲಿ ಒಂದು ಶುದ್ಧವಾದ ಹತ್ತಿ ಬಟ್ಟೆ ಅದ್ದಿ ಹಿಂಡಿ. ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಹಿತವಾದ ಬಿಸಿ ಇರಬೇಕು, ಸುಡಬಾರದು. ಕುರುವಿನ ಮೇಲೆ 10ರಿಂದ 15 ನಿಮಿಷ ಇಡಿ. ಒತ್ತಬೇಡಿ, ಬಟ್ಟೆ ತಾನಾಗಿ ಕೂತಿದ್ದರೆ ಸಾಕು. ತಣ್ಣಗಾದರೆ ಮತ್ತೆ ಬಿಸಿ ಮಾಡಿಕೊಳ್ಳಿ. ದಿನಕ್ಕೆ 3ರಿಂದ 4 ಸಲ ಹೀಗೆ ಮಾಡಿ. ಪ್ರತಿ ಸಲವೂ ಬೇರೆ ಬಟ್ಟೆ ತೆಗೆದುಕೊಳ್ಳಿ, ಬಳಸಿದ್ದನ್ನು ಒಗೆಯಲು ಹಾಕಿ.

ಶಾಖ ಕೊಟ್ಟರೆ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ನೋವು ಇಳಿಯುತ್ತದೆ, ಕೀವು ಮೇಲಕ್ಕೆ ಬಂದು ಕುರು ಬೇಗ ಹಣ್ಣಾಗುತ್ತದೆ. ಸುಲಭದ ಕೆಲಸ ಎಂದು ಇದನ್ನು ಹಗುರವಾಗಿ ಕಾಣಬೇಡಿ. ಒಂದು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ಬಿಡದೆ ಮಾಡಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾಗಿರುವವರಿಗೆ ಬಿಸಿ ಗೊತ್ತಾಗದೆ ಸುಟ್ಟುಹೋಗುವ ಅಪಾಯವಿದೆ. ಅಂಥವರಿಗೆ, ಮಕ್ಕಳಿಗೆ ಬೇರೊಬ್ಬರು ಬಿಸಿ ನೋಡಿ ಕೊಡಬೇಕು.

ಶಾಖ ಮುಗಿದ ಮೇಲೆ ಒಣಗಿಸಿ, ಗಾಜ್ ಬಟ್ಟೆ ಅಥವಾ ಬ್ಯಾಂಡೇಜ್‌ನಿಂದ ಸಡಿಲವಾಗಿ ಮುಚ್ಚಿ. ಉಜ್ಜುವ ಬಿಗಿ ಬಟ್ಟೆ ಬೇಡ. ಆ ಜಾಗವನ್ನು ಶೇವ್ ಮಾಡಬೇಡಿ.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಕೆಂಪಿನ ಅಂಚಿಗೆ ಸರಿಯಾಗಿ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ದಿನಾಂಕ, ಹೊತ್ತು ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾಳೆ ಕೆಂಪು ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ ಎಂದರ್ಥ. ಕಣ್ಣಂದಾಜಿಗಿಂತ ಇದು ಎಷ್ಟೋ ನಂಬಿಕೆಯದು. ಡಾಕ್ಟರಿಗೂ ಇದರಿಂದ ತುಂಬಾ ಸಹಾಯ. ಕಪ್ಪು ಅಥವಾ ಗಾಢ ಕಂದು ಬಣ್ಣದ ಚರ್ಮದಲ್ಲಿ ಕೆಂಪು ಸ್ಪಷ್ಟವಾಗಿ ಕಾಣುವುದಿಲ್ಲ. ಆಗ ಬಿಸಿ, ಗಟ್ಟಿತನ, ನೋವು ಎಲ್ಲಿಯವರೆಗೆ ಇದೆ ಎಂದು ಬೆರಳ ಹಿಂಬದಿಯಿಂದ ಮೆಲ್ಲಗೆ ತಾಗಿಸಿ ನೋಡಿ, ಆ ಅಂಚಿಗೆ ಗೆರೆ ಹಾಕಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ದೊಡ್ಡವರು ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು, ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಬೇಕು. 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇರುವವರು, ತೂಕ ತೀರಾ ಕಡಿಮೆ ಇರುವವರು, ಮದ್ಯ ಸೇವಿಸುವವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಕು, ಅದನ್ನು ಡಾಕ್ಟರನ್ನು ಕೇಳಿ. ಮಕ್ಕಳಿಗೆ ತೂಕ ನೋಡಿ ಕೊಡಬೇಕು.

ಕುರು ತಾನಾಗಿ ಒಡೆದರೆ ಕೀವು ಹರಿಯಲು ಬಿಡಿ. ಶುದ್ಧ ಗಾಜ್‌ನಿಂದ ಒರೆಸಿ, ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಮುಚ್ಚಿ. ಉಳಿದದ್ದನ್ನೂ ತೆಗೆದುಬಿಡೋಣ ಎಂದು ಒತ್ತಬೇಡಿ. ಇನ್ನೂ ಎರಡು ಮೂರು ದಿನ ಶಾಖ ಕೊಡುತ್ತಿದ್ದರೆ ಉಳಿದ ಕೀವು ತಾನಾಗಿ ಇಳಿದು ಬರುತ್ತದೆ. ಕೀವು ಹೋದ ಕೂಡಲೇ ಆ ಟಕ್ ಟಕ್ ಎಂದು ಮಿಡಿಯುವ ನೋವು ಎಷ್ಟೋ ಕಡಿಮೆಯಾಗುತ್ತದೆ.

ಎಷ್ಟು ದಿನ ಕಾಯಬಹುದು? ಎರಡು ದಿನ ಶಾಖ ಕೊಟ್ಟ ಮೇಲೂ ಊತ, ನೋವು ಏರುತ್ತಲೇ ಇದ್ದರೆ ತೋರಿಸಿ. ಏರುತ್ತಿಲ್ಲ, ಆದರೆ ವಾರವಾದರೂ ಒಡೆದಿಲ್ಲ, ಇಳಿದಿಲ್ಲ ಎಂದರೂ ತೋರಿಸಿ. ಮುಟ್ಟಿದಾಗ ಒಳಗೆ ನೀರು ತುಂಬಿದ ಹಾಗೆ ಮೆತ್ತಗೆ ಅಲುಗಾಡಿದರೆ ಕೀವು ನಿಂತಿದೆ, ಇನ್ನು ಕಾಯುವುದರಿಂದ ಲಾಭವಿಲ್ಲ.

## ಖಂಡಿತ ಮಾಡಬಾರದ್ದು

ಹಿಂಡಬಾರದು. ಹಿಂಡಿದಾಗ ಸ್ವಲ್ಪ ಕೀವು ಹೊರಗೆ ಬರುತ್ತದೆ ನಿಜ. ಆದರೆ ಮೈ ಕಟ್ಟಿಕೊಂಡ ಗೋಡೆ ಒಳಗಡೆಯೂ ಒಡೆಯುತ್ತದೆ. ಕೀವು ಆಳಕ್ಕೆ, ಪಕ್ಕಕ್ಕೆ, ಕೆಲವೊಮ್ಮೆ ರಕ್ತಕ್ಕೆ ಹೋಗುತ್ತದೆ. ಸೂಜಿ, ಬ್ಲೇಡ್ ಬೆಂಕಿಗೆ ಹಿಡಿದು ಚುಚ್ಚುವುದೂ ಬೇಡ. ಲೋಹ ಶುದ್ಧವಾದರೂ ಆ ಜಾಗದಲ್ಲಿ ಎಷ್ಟು ಆಳಕ್ಕೆ ಯಾವ ನರ, ಯಾವ ರಕ್ತನಾಳ ಇದೆ ಎಂಬುದು ಗೊತ್ತಿರಬೇಕಲ್ಲ. ಸೂಜಿಯ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಕೀವು ಮತ್ತೆ ತುಂಬುತ್ತದೆ.

ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ತುರಿಕೆಗೆಂದು ತಂದ, ಸ್ಟಿರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಬೆರೆತ ಟ್ಯೂಬ್ ಎಷ್ಟೋ ಮನೆಗಳಲ್ಲಿ ಇರುತ್ತದೆ. ಹಚ್ಚಿದ ದಿನ ಕೆಂಪು, ಉರಿ ಕಡಿಮೆಯಾದ ಹಾಗೆ ಕಾಣುತ್ತದೆ. ಆದರೆ ಅದು ಹೋರಾಡುವ ಬಿಳಿ ಕಣಗಳನ್ನೇ ತಡೆಯುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್.

ಟೂತ್‌ಪೇಸ್ಟ್, ಬೂದಿ, ಗಿಡದ ರಸ ಇತ್ಯಾದಿ ಕೂಡ ಬೇಡ. ಚರ್ಮ ಸುಡುತ್ತದೆ ಇಲ್ಲವೇ ಹೊಸ ಕ್ರಿಮಿ ಸೇರುತ್ತದೆ.

## ನಾಲ್ಕನೆಯ ಹೆಜ್ಜೆ: ಡಾಕ್ಟರ್ ಕೊಯ್ದು ಕೀವು ತೆಗೆಯುವಾಗ

ಕೊಯ್ಯುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ತಡ ಮಾಡುತ್ತಾರೆ. ಏನು ನಡೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಆ ಹೆದರಿಕೆ ಇಳಿಯುತ್ತದೆ.

ಹೋಗುವ ಮುಂಚೆ ಇವನ್ನು ಹೇಳಲು ಸಿದ್ಧವಾಗಿರಿ: ಎಂದಿನಿಂದ ಇದೆ, ಮೊದಲು ಎಂದಾದರೂ ಆಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಪೆನಿಸಿಲಿನ್ ಅಥವಾ ಸಲ್ಫಾ ಔಷಧಿಗೆ ಅಲರ್ಜಿ ಇದೆಯೇ. ಗಾಯದಿಂದ ಶುರುವಾಗಿದ್ದರೆ ಟೆಟನಸ್ ಚುಚ್ಚುಮದ್ದು ಯಾವಾಗ ಆಯಿತು ಎಂಬುದನ್ನೂ ಹೇಳಿ.

ಚರ್ಮ ಶುದ್ಧ ಮಾಡಿ, ಆ ಜಾಗ ಮರಗಟ್ಟಲು ಚುಚ್ಚುಮದ್ದು ಕೊಡುತ್ತಾರೆ. ಕೀವಿನ ಜಾಗ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಔಷಧಿ ಬೇರೆ ಕಡೆಯಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅದಕ್ಕೇ ಸುತ್ತಲೂ ಚುಚ್ಚುತ್ತಾರೆ. ನೋವು ಗೊತ್ತಾದರೆ ಹಲ್ಲು ಕಚ್ಚಿ ಸಹಿಸಬೇಡಿ, ಬಾಯಿಬಿಟ್ಟು ಹೇಳಿ. ಇನ್ನಷ್ಟು ಕೊಡಬಹುದು. ಆಮೇಲೆ ಸಣ್ಣ ಕೊಯ್ತ. ಕೀವು ಹೊರಬಂದ ಮೇಲೆ ಒಳಗಿನ ಕೋಣೆಗಳ ನಡುವಿನ ತಡೆಗಳನ್ನು ಬಿಡಿಸುತ್ತಾರೆ. ಬಾವಿನೊಳಗೆ ಹಲವು ಕೋಣೆಗಳಿರುತ್ತವೆ, ಒಂದನ್ನೇ ಖಾಲಿ ಮಾಡಿದರೆ ಉಳಿದವು ಮತ್ತೆ ತುಂಬುತ್ತವೆ. ಮನೆಯಲ್ಲಿ ಹಿಂಡಿದ್ದು ಯಾಕೆ ಸಾಲದು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸುವಂತೆ ಕೇಳಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಕುರು ಮತ್ತೆ ಮತ್ತೆ ಬರುವವರಿಗೆ, ಆಂಟಿಬಯಾಟಿಕ್ ಬೇಕಾಗುವವರಿಗೆ ಇದು ತುಂಬಾ ಮುಖ್ಯ.

ಕೊಯ್ದ ಜಾಗಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಬಾಯಿ ತೆರೆದಿರಬೇಕು, ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಮೇಲೆ ಮೊದಲೇ ಮುಚ್ಚಿಕೊಂಡರೆ ಕೆಳಗೆ ಮತ್ತೆ ಕೀವಾಗುತ್ತದೆ. ದೊಡ್ಡ ಬಾವಾದರೆ ಒಳಗೆ ಗಾಜ್ ಪಟ್ಟಿ ಇಡುತ್ತಾರೆ, ಇಲ್ಲವೇ ಎರಡು ಸಣ್ಣ ತೂತು ಮಾಡಿ ನಡುವೆ ಮೆತ್ತನೆಯ ರಬ್ಬರ್ ಕುಣಿಕೆ ಹಾಕುತ್ತಾರೆ. ಸಣ್ಣ ಬಾವಿಗೆ ಗಾಜ್ ತುಂಬಲೇಬೇಕೆಂದಿಲ್ಲ. ತುಂಬಿದ್ದನ್ನು ತೆಗೆಯುವಾಗ ನೋವಾಗುತ್ತದೆ, ಸಣ್ಣದರಲ್ಲಿ ಅದರಿಂದ ಹೆಚ್ಚಿನ ಲಾಭವೂ ಕಂಡುಬಂದಿಲ್ಲ.

ಹಾಲುಣಿಸುವ ತಾಯಿಯ ಸ್ತನದ ಬಾವಿಗೆ ಹೆಚ್ಚಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಕೀವು ಎಳೆಯುತ್ತಾರೆ. ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಹಾಲು ಕಟ್ಟಿಕೊಂಡರೆ ಬಾವು ಇನ್ನೂ ಕೆಡುತ್ತದೆ.

## ಆಂಟಿಬಯಾಟಿಕ್ ಯಾವಾಗ ಬೇಕು

2016ರಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬಾವು ಇದ್ದ 1200ಕ್ಕೂ ಹೆಚ್ಚು ಜನರಿಗೆ ಕೊಯ್ದು ಕೀವು ತೆಗೆದರು. ಆಮೇಲೆ ಅರ್ಧ ಜನರಿಗೆ 7 ದಿನ ಟ್ರೈಮೆಥೊಪ್ರಿಮ್-ಸಲ್ಫಾಮೆಥೊಕ್ಸಜೋಲ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟರು. ಔಷಧಿ ಪಡೆದವರಲ್ಲಿ ಶೇ. 80.5 ಮಂದಿಗೆ ಗುಣವಾಯಿತು, ಹುಸಿ ಮಾತ್ರೆಯವರಲ್ಲಿ ಶೇ. 73.6 ಮಂದಿಗೆ. ನನ್ನ ಮಟ್ಟಿಗೆ ಇದರಲ್ಲಿ ಎರಡೂ ಸಂಖ್ಯೆಗಳು ಮುಖ್ಯ. ಕೀವು ತೆಗೆದದ್ದರಿಂದಲೇ ಹತ್ತರಲ್ಲಿ ಏಳು ಮಂದಿ ವಾಸಿಯಾದರು. ಮಾತ್ರೆ ಅದರ ಮೇಲೆ ಸ್ವಲ್ಪ ನೆರವಾಯಿತು. ಹಾಗಾಗಿ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರ್ ನಿಮ್ಮ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಜ್ವರವಿದ್ದರೆ, ಕೆಂಪು ಹರಡಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆಯಿದ್ದರೆ, ಬಾವು ಮುಖದಂಥ ಜಾಗದಲ್ಲಿದ್ದರೆ ಖಂಡಿತ ಕೊಡುತ್ತಾರೆ.

ಯಾವ ಮಾತ್ರೆ ಎಂಬುದೂ ಊಹೆಯ ಮಾತಲ್ಲ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್ (ಸ್ಟ್ಯಾಫಿಲೊಕಾಕಸ್) ವಿರುದ್ಧ 1959ರಲ್ಲಿ ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್ ಬಂತು. ಎರಡೇ ವರ್ಷಕ್ಕೆ, 1961ರಲ್ಲಿ, ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಇಂಗ್ಲೆಂಡಿನಲ್ಲಿ ಕಾಣಿಸಿತು. ಅದೇ ಎಂಆರ್‌ಎಸ್‌ಎ. ಇದು ಈಗ ಆಸ್ಪತ್ರೆಯ ಹೊರಗೂ ಇದೆ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಕ್ಲಿಂಡಾಮೈಸಿನ್, ಡಾಕ್ಸಿಸೈಕ್ಲಿನ್, ಟ್ರೈಮೆಥೊಪ್ರಿಮ್-ಸಲ್ಫಾಮೆಥೊಕ್ಸಜೋಲ್ ಮುಂತಾದವು ಬೇಕಾಗುತ್ತವೆ, ಮತ್ತು ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಇವುಗಳಲ್ಲಿ ಕೆಲವು ಆಗಿಬರುವುದಿಲ್ಲ. ಅಕ್ಕನಿಗೆ ಕೊಟ್ಟ ಮಾತ್ರೆ ತಮ್ಮನಿಗೆ ಆಗದಿರುವುದು ಇದಕ್ಕೇ. ಡಾಕ್ಟರ್ ಕೊಟ್ಟರೆ ಹೇಳಿದಷ್ಟು ದಿನವೂ ತೆಗೆದುಕೊಳ್ಳಿ. ಮೈಮೇಲೆ ದದ್ದು, ಬಾಯಿಹುಣ್ಣು, ಜೋರು ಭೇದಿ ಶುರುವಾದರೆ ತಕ್ಷಣ ತಿಳಿಸಿ.

## ಐದನೆಯ ಹೆಜ್ಜೆ: ಕೊಯ್ದ ಮೇಲೆ ಗಾಯದ ಆರೈಕೆ

ಮೊದಲ ಒಂದೆರಡು ದಿನ ರಕ್ತ ಬೆರೆತ ದ್ರವ ಸೋರುತ್ತದೆ. ಅದು ಸಹಜ. ಡ್ರೆಸಿಂಗ್ ಒದ್ದೆಯಾದಾಗಲೆಲ್ಲ ಬದಲಿಸಿ, ಒದ್ದೆಯಾಗದಿದ್ದರೂ ದಿನಕ್ಕೊಮ್ಮೆ ಬದಲಿಸಿ. ಒಳಗೆ ಗಾಜ್ ಇಟ್ಟಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ತೆಗೆಯುತ್ತಾರೆ ಅಥವಾ ಬದಲಿಸುತ್ತಾರೆ. ಆ ದಿನ ತಪ್ಪಿಸಬೇಡಿ. ಅದಾದ ಮೇಲೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಗಾಯ ತೊಳೆಯಬಹುದು, ಸ್ನಾನವನ್ನೂ ಮಾಡಬಹುದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ದಿನಾ ಸುರಿಯಬೇಡಿ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ.

ಗಾಯದ ತಳದಲ್ಲಿ ಕೆಂಪಾದ, ಸಣ್ಣ ಹರಳು ಹರಳಾದ ಮಾಂಸ ಕಂಡರೆ ಸರಿಯಾಗಿ ಮಾಗುತ್ತಿದೆ. ಸಣ್ಣವು ಒಂದೆರಡು ವಾರದಲ್ಲಿ, ದೊಡ್ಡವು ಇನ್ನೂ ಕೆಲವು ವಾರದಲ್ಲಿ ಮುಚ್ಚುತ್ತವೆ. ನೋವು ಇಳಿದು ಮತ್ತೆ ಏರಿದರೆ, ಹೊಸದಾಗಿ ಜ್ವರ ಬಂದರೆ, ದಪ್ಪ ಕೀವು ಮತ್ತೆ ಸೋರಿದರೆ ಹೋಗಿ ತೋರಿಸಿ. ಒಳಗೆ ಒಂದು ಕೋಣೆ ಉಳಿದಿರಬಹುದು.

## ಮನೆಯವರಿಗೆ ಹರಡದಂತೆ

ಟವೆಲ್, ರೇಜರ್, ಬಟ್ಟೆ, ಹಾಸಿಗೆ ಹೊದಿಕೆ ಪ್ರತ್ಯೇಕ ಇಟ್ಟುಕೊಳ್ಳಿ. ಕೀವು ತಾಗಿದ ಬಟ್ಟೆಯನ್ನು, ಆ ಬಟ್ಟೆ ತಾಳುವುದಾದರೆ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಬಳಸಿದ ಗಾಜ್ ಅನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಗಾಯ ಮುಚ್ಚುವವರೆಗೆ ಈಜುಕೊಳ ಬೇಡ, ಕುಸ್ತಿಯಂಥ ಮೈ ತಾಗುವ ಆಟವೂ ಬೇಡ.

ಕೈಯಲ್ಲಿ ಕುರು ಇರುವವರು ಅಡುಗೆ ಮಾಡಬಾರದು. ಸ್ಟ್ಯಾಫ್ ಆಹಾರಕ್ಕೆ ಸೇರಿ ಬೆಳೆದರೆ ವಿಷ ಬಿಡುತ್ತದೆ. ಆಮೇಲೆ ಆಹಾರ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ತಿಂದ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಎಲ್ಲರಿಗೂ ವಾಂತಿ ಶುರುವಾಗಬಹುದು.

## ಮತ್ತೆ ಮತ್ತೆ ಕುರು ಬಂದರೆ

ಒಂದು ಮಾಗುವಷ್ಟರಲ್ಲಿ ಇನ್ನೊಂದು ಏಳುತ್ತಿದ್ದರೆ, ಆರು ತಿಂಗಳಲ್ಲಿ ಎರಡು ಮೂರು ಸಲ ಬಂದರೆ, ಪ್ರತಿ ಕುರುವಿಗೂ ಬೇರೆ ಬೇರೆ ಚಿಕಿತ್ಸೆ ಮಾಡುತ್ತಾ ಕೂರಬೇಡಿ. ಕಾರಣ ಹುಡುಕಿಸಿ.

ಮೊದಲು ಸಕ್ಕರೆ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಹೆಚ್ಚು, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 6.5 ಅಥವಾ ಹೆಚ್ಚು ಬಂದರೆ ಡಯಾಬಿಟಿಸ್‌ನ ಮಟ್ಟ. ಸಾಮಾನ್ಯವಾಗಿ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಕೆಲವರಿಗೆ ಮೊದಲು ಗೊತ್ತಾಗುವುದೇ ಹೀಗೆ ಕುರು ತೋರಿಸಲು ಹೋದಾಗ. ಚರ್ಮದಲ್ಲಿ ಎಕ್ಸಿಮಾ, ಕಜ್ಜಿ ಇದ್ದರೆ ಅದಕ್ಕೂ ಮದ್ದು ಮಾಡಿಸಿ. ಕೆರೆತ ನಿಲ್ಲದೆ ಕುರು ನಿಲ್ಲುವುದಿಲ್ಲ.

ಮೂಗಿನಲ್ಲಿ, ಚರ್ಮದ ಮೇಲೆ ಮನೆ ಮಾಡಿರುವ ಸ್ಟ್ಯಾಫ್ ಅನ್ನು ಕಡಿಮೆ ಮಾಡುವ ಒಂದು ಕ್ರಮವೂ ಇದೆ. ಡಾಕ್ಟರ್ ಸಲಹೆಯಂತೆ ಮ್ಯುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮನ್ನು ಎರಡೂ ಮೂಗಿನ ಹೊಳ್ಳೆಗಳ ಒಳಗೆ ದಿನಕ್ಕೆ ಎರಡು ಸಲ, 5ರಿಂದ 10 ದಿನ ಹಚ್ಚುತ್ತಾರೆ. ಜೊತೆಗೆ 5ರಿಂದ 14 ದಿನ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಮೈ ತೊಳೆಯಬೇಕು. ಅದು ಕಣ್ಣಿಗೆ, ಕಿವಿಯೊಳಗೆ ಹೋಗಬಾರದು. ಆ ದಿನಗಳಲ್ಲಿ ಟವೆಲ್, ಹಾಸಿಗೆ ಬಟ್ಟೆ, ಒಳಉಡುಪು ದಿನಾ ಬದಲಿಸಬೇಕು. ಒಬ್ಬರೇ ಮಾಡಿದರೆ ಮನೆಯವರಿಂದ ಮತ್ತೆ ಬರಬಹುದು. ಅದಕ್ಕೇ ಎಲ್ಲರೂ ಒಂದೇ ಹೊತ್ತಿಗೆ ಮಾಡುವುದು ಒಳ್ಳೆಯದು.

ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಇದೇ ಜಾಗಗಳಲ್ಲಿ ವರ್ಷಗಟ್ಟಲೆ ಗಂಟು ಏಳುವುದು, ಒಡೆಯುವುದು, ಚರ್ಮದ ಕೆಳಗೆ ಸುರಂಗದಂತೆ ದಾರಿ ಆಗುವುದು, ಹಗ್ಗದಂಥ ಕಲೆ ಉಳಿಯುವುದು ನಡೆಯುತ್ತಿದ್ದರೆ ಅದು ಹೈಡ್ರಾಡಿನೈಟಿಸ್ ಸಪ್ಪುರಟೈವಾ ಇರಬಹುದು. ಇದು ಕೂದಲ ಕುಳಿಯ ದೀರ್ಘಕಾಲದ ಉರಿಯೂತ. ಬರೀ ಸೋಂಕಲ್ಲ, ಅಂಟುವುದೂ ಇಲ್ಲ. ಸಾಮಾನ್ಯವಾಗಿ ಹದಿಹರೆಯ ದಾಟುವ ಹೊತ್ತಿಗೆ ಶುರುವಾಗುತ್ತದೆ. ಧೂಮಪಾನ, ಹೆಚ್ಚಿದ ತೂಕ ಇದನ್ನು ಕೆಡಿಸುತ್ತವೆ. ಪಾಪ, ನಾಚಿಕೆಯಿಂದ ಯಾರಿಗೂ ತೋರಿಸದೆ ಎಷ್ಟೋ ವರ್ಷ ನೋವು ನುಂಗುವವರಿದ್ದಾರೆ. ಕೊಯ್ದು ಕೊಯ್ದು ಇದು ಮುಗಿಯುವುದಿಲ್ಲ. ಇದಕ್ಕೆ ಬೇರೆಯದೇ ಮಾತ್ರೆ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವೆ. ಚರ್ಮರೋಗ ತಜ್ಞರನ್ನೇ ಕಾಣಿ. ಹೋಗುವಾಗ ಹಿಂದಿನ ಕಲ್ಚರ್ ವರದಿ, ಯಾವ ಜಾಗದಲ್ಲಿ ಯಾವ ತಿಂಗಳು ಎದ್ದಿತ್ತು ಎಂಬ ಪಟ್ಟಿ, ತೆಗೆದಿಟ್ಟ ಫೋಟೋಗಳನ್ನು ಜೊತೆಗೆ ಒಯ್ಯಿರಿ. ಗಂಟು ಇಳಿದಿರುವ ದಿನ ಹೋದರೂ ಅವನ್ನು ನೋಡಿ ಅವರು ಕಾಯಿಲೆಯನ್ನು ಗುರುತಿಸಬಲ್ಲರು.